ಹೊಳೆ ಪಕ್ಕ ಮನೆ ಕೊಳ್ಳುವ ಮುಂಚೆ ಈ ಡ್ಯಾಮ್ ವೆಬ್‌ಸೈಟ್ ನೋಡಿ

ಐದಕ್ಕೆ ನಾಲ್ಕು ಸ್ಟಾರ್. ವೆಬ್‌ಸೈಟ್ ಹೆಸರು ನ್ಯಾಷನಲ್ ಇನ್ವೆಂಟರಿ ಆಫ್ ಡ್ಯಾಮ್ಸ್. ಅಮೆರಿಕದ 90,000ಕ್ಕೂ ಹೆಚ್ಚು ಅಣೆಕಟ್ಟುಗಳ ಪಟ್ಟಿ ಇದು, ನಡೆಸುವುದು ಅಲ್ಲಿನ ಸೇನೆಯ ಎಂಜಿನಿಯರಿಂಗ್ ವಿಭಾಗ, ಆರ್ಮಿ ಕೋರ್ ಆಫ್ ಎಂಜಿನಿಯರ್ಸ್. ದುಡ್ಡು ಕೊಡಬೇಕಾಗಿಲ್ಲ.

ಮ್ಯಾಸಚೂಸೆಟ್ಸ್‌ನಲ್ಲಿರುವ ತುಮಕೂರಿನ ಗೆಳೆಯರೊಬ್ಬರು ಎರಡು ಮನೆ ನೋಡಿಟ್ಟಿದ್ದರು. ಎರಡೂ ಹೊಳೆ ಪಕ್ಕ, ಎರಡಕ್ಕೂ ಸ್ವಲ್ಪ ಮೇಲೆ ಹಳೇ ಗಿರಣಿ ಕಾಲದ ಚಿಕ್ಕ ಡ್ಯಾಮ್. ಮ್ಯಾಪ್‌ನಲ್ಲಿ ಒಂದಕ್ಕೆ ‘ಹೈ ಹಜಾರ್ಡ್’, ಇನ್ನೊಂದಕ್ಕೆ ‘ಲೋ’ ಅಂತ ಇತ್ತು. "ಲೋ ಇರೋದೇ ಒಳ್ಳೇದು ಅಲ್ವಾ? ಅದನ್ನೇ ತಗೋತೀನಿ" ಅಂದರು. ಸ್ವಲ್ಪ ತಡೆಯಿರಿ ಅಂದೆ.

ಎಲ್ಲರೂ ಎಡವುವುದು ಇಲ್ಲೇ. ಹಜಾರ್ಡ್ ಅನ್ನುವುದು ಕಟ್ಟೆ ಗಟ್ಟಿ ಇದೆಯೋ ಇಲ್ಲವೋ ಅನ್ನುವ ಲೆಕ್ಕ ಅಲ್ಲ. ಕಟ್ಟೆ ಒಡೆದರೆ ಕೆಳಗೆ ಏನಾಗುತ್ತದೆ ಅನ್ನುವ ಲೆಕ್ಕ. ಜೀವ ಹೋಗುವ ಸಂಭವ ಇದ್ದರೆ ಹೈ, ಜೀವಕ್ಕೆ ಅಪಾಯ ಇಲ್ಲದೆ ಆಸ್ತಿಗೆ ಪೆಟ್ಟು ಬೀಳುವುದಾದರೆ ಸಿಗ್ನಿಫಿಕೆಂಟ್, ನಷ್ಟ ಹೆಚ್ಚಾಗಿ ಮಾಲೀಕರ ಜಮೀನಿಗೇ ಮುಗಿಯುವುದಾದರೆ ಲೋ. ಕಟ್ಟೆಯ ಸ್ಥಿತಿ ಹೇಗಿದೆ ಅಂತ ತಿಳಿಯಲು ‘ಕಂಡಿಷನ್’ ಅನ್ನುವ ಬೇರೆ ಸಾಲು ಇದೆ. ಅದನ್ನು ನೋಡದೆ ಮುಂದೆ ಹೋಗಬೇಡಿ.

ಗೆಳೆಯರ ‘ಹೈ’ ಡ್ಯಾಮ್‌ಗೆ ಅಲ್ಲಿ ‘ಸ್ಯಾಟಿಸ್ಫ್ಯಾಕ್ಟರಿ’ ಅಂತ ಇತ್ತು, ಒಡೆಯುವ ಹಾಗಾದರೆ ಏನು ಮಾಡಬೇಕು ಅನ್ನುವ ತುರ್ತು ಯೋಜನೆಯೂ ಇತ್ತು. ‘ಲೋ’ ಡ್ಯಾಮ್‌ಗೆ ‘ನಾಟ್ ರೇಟೆಡ್’, ಅಂದರೆ ಸ್ಥಿತಿ ಹೇಗಿದೆ ಅಂತ ದರ್ಜೆಯೇ ಕೊಟ್ಟಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಹೈ ಹಜಾರ್ಡ್ ಕಟ್ಟೆಗಳ ತಪಾಸಣೆ 2 ವರ್ಷಕ್ಕೊಮ್ಮೆ, ಸಿಗ್ನಿಫಿಕೆಂಟ್‌ಗೆ 5, ಲೋಗೆ 10 ವರ್ಷಕ್ಕೊಮ್ಮೆ. ಹತ್ತು ವರ್ಷದಲ್ಲಿ ಕಟ್ಟೆ ಕೆಳಗೆ ಒಂದು ಬಡಾವಣೆಯೇ ಎದ್ದು ನಿಲ್ಲಬಹುದು, ಆಮೇಲೆ ‘ಲೋ’ ಅನ್ನುವ ಮಾತಿಗೆ ಅರ್ಥ ಎಲ್ಲಿ ಉಳಿಯಿತು?

ಶನಿವಾರ ಇಬ್ಬರೂ ಹೋಗಿ ಆ ಲೋ ಡ್ಯಾಮ್ ನೋಡಿದೆವು. ಮಧ್ಯದಲ್ಲಿ ಕಲ್ಲಿನ ಕೋಡಿ, ನೀರು ತೆಳ್ಳಗೆ ಹಾಳೆಯ ಹಾಗೆ ಇಳಿಯುತ್ತಿತ್ತು, ತುಂಬಾ ಚೆಂದ. ಪಕ್ಕದ ಮಣ್ಣಿನ ಏರಿ ಮೇಲೆ ಮಾತ್ರ ತೊಡೆ ದಪ್ಪದ ಮರಗಳು. ಬೇರು ಸತ್ತು ಕೊಳೆತರೆ ಅದೇ ನೀರಿಗೆ ದಾರಿ, ನಮ್ಮ ಕಡೆ ಕೆರೆ ನೋಡಿಕೊಳ್ಳುತ್ತಿದ್ದ ನೀರುಗಂಟಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಏರಿಯ ಬುಡದಲ್ಲಿ ಒಂದು ಕಡೆ ಹುಲ್ಲು ಸುತ್ತಲಿಗಿಂತ ಹಸಿರಾಗಿತ್ತು. ಕಾಲಿಟ್ಟರೆ ಶೂ ಒಳಗೆ ನೀರು ಬಂತು. ಮಳೆ ಬಂದು ವಾರವಾಗಿತ್ತು, ಅಂದರೆ ಅದು ಏರಿಯಿಂದ ಜಿನುಗಿದ ನೀರೇ ಇರಬೇಕು. ಮುಂದೆ ಹೊಳೆ ತಿರುವಿನಲ್ಲಿ ಹೊಸ ಮನೆಗಳ ಸಾಲು.

ಸುಮ್ನೆ ಹೆದರಿಸುತ್ತಿಲ್ಲ. ಮಿಷಿಗನ್‌ನ ಎಡನ್‌ವಿಲ್ ಡ್ಯಾಮ್ 1924ರದು, ಹೈ ಹಜಾರ್ಡ್ ಪಟ್ಟಿಯಲ್ಲೇ ಇತ್ತು. ಮಹಾಪೂರದ ಲೆಕ್ಕಕ್ಕೆ ಅದರ ಕೋಡಿ ಸುಮಾರು ಅರ್ಧದಷ್ಟು ನೀರನ್ನು ಮಾತ್ರ ಬಿಡಬಲ್ಲದು ಅಂತ 2018ರಲ್ಲಿ ಅದರ ವಿದ್ಯುತ್ ಉತ್ಪಾದನೆಯ ಲೈಸೆನ್ಸ್ ಕಿತ್ತುಕೊಂಡಿದ್ದರು. 2020ರ ಮೇ 19ರಂದು ಏರಿ ಕುಸಿಯಿತು. ನೀರು ಏರಿಯ ಮೇಲೆ ಹತ್ತಿ ಹರಿದೇ ಇರಲಿಲ್ಲ. ಒಳಗಿನ ಸಡಿಲ ಮರಳು ನೆಂದು ದ್ರವದ ಹಾಗೆ ಜಾರಿತು ಅಂತ ತಜ್ಞರ ತಂಡ ಆಮೇಲೆ ಹೇಳಿತು. ಆ ನೀರು ಬಡಿದು ಕೆಳಗಿನ ಸ್ಯಾನ್‌ಫರ್ಡ್ ಡ್ಯಾಮೂ ಹೋಯಿತು. ಸುಮಾರು 10,000 ಜನ ಮನೆ ಬಿಟ್ಟು ಹೊರಡಬೇಕಾಯಿತು, ಮುಂಚೆಯೇ ಹೊರಡಿಸಿದ್ದರಿಂದ ಯಾರೂ ಸಾಯಲಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆ ಅಂದರೆ, ಒಡೆದರೆ ಯಾವ ಬೀದಿವರೆಗೆ ನೀರು ಬರುತ್ತದೆ ಅನ್ನುವ ನಕ್ಷೆ ಮುಖ್ಯವಾಗಿ ಆರ್ಮಿ ಕೋರ್‌ನ ಸ್ವಂತ ಡ್ಯಾಮ್‌ಗಳಿಗೆ ಮಾತ್ರ ಸಿಗುತ್ತದೆ. ಖಾಸಗಿಯವರ ಹಳೇ ಕಟ್ಟೆಗಳಿಗೇ ಅದು ಜಾಸ್ತಿ ಬೇಕಿತ್ತು.

ಗೆಳೆಯರು ‘ಹೈ’ ಡ್ಯಾಮ್ ಕೆಳಗಿನ ಮನೆಯನ್ನೇ ನೋಡುತ್ತಿದ್ದಾರೆ, ಅದೂ ಹೊಳೆಯಿಂದ ಎಷ್ಟು ಎತ್ತರದಲ್ಲಿದೆ ಅಂತ ಮೊದಲು ಅಳೆಸಿಕೊಂಡು. ತುರ್ತು ಯೋಜನೆಯಲ್ಲಿ ತಮ್ಮ ಬೀದಿ ಇದೆಯಾ ಅಂತ ಊರಿನ ಅಗ್ನಿಶಾಮಕದವರನ್ನು ಕೇಳಲು ಸೋಮವಾರ ಹೋಗುತ್ತಾರೆ.