ಬಾಲಿಯಲ್ಲಿ ಗಾಮೆಲಾನ್ ಕಲಿಯುವುದಾದರೆ: ಗಂಗ್ಸವೋ, ಗೆಂಡೆರೋ, ಕೆಂಡಾಂಗೋ?

ಗಾಮೆಲಾನ್ ಎಂದರೆ ಕಂಚಿನ ಪಟ್ಟಿಯ ವಾದ್ಯ, ಜಾಗಟೆ, ಡೋಲುಗಳ ಮೇಳ. ಓದಲೆಂದು ಬಾಲಿಗೆ ಹೋಗುವ ಕೊಡಗಿನ ಮಕ್ಕಳ ಕೈ ಮೊದಲು ಹೋಗುವುದು ಕೆಂಡಾಂಗ್ ಎಂಬ ಡೋಲಿನ ಕಡೆಗೇ. ಓಲಗಕ್ಕೆ ಕುಣಿದು ಬೆಳೆದವರು ಚರ್ಮವಾದ್ಯ ಕಂಡರೆ ಸುಮ್ಮನಿರುವುದುಂಟೆ? ಆದರೆ ಇರುವುದು ಒಂದೇ ಸೆಮಿಸ್ಟರ್ ಆದರೆ ಗಂಗ್ಸದ ಮುಂದೆ ಕೂರುವುದೇ ಸರಿ. ಮೂರನ್ನೂ ನುಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಗೊಂಗ್ ಕೆಬ್ಯಾರ್ ಎಂಬ ಬಗೆಯ ಗಾಮೆಲಾನ್ ಮೇಳದ ಗಂಗ್ಸದಲ್ಲಿ ಕಂಚಿನ 10 ಪಟ್ಟಿಗಳು, ಅವುಗಳ ಕೆಳಗೆ ಬಿದಿರಿನ ಕೊಳವೆಗಳು. ಬಲಗೈಯಲ್ಲಿ ಪಂಗ್ಗುಲ್ ಎಂಬ ಮರದ ಸುತ್ತಿಗೆ. ಕಷ್ಟ ಇರುವುದು ಎಡಗೈಗೆ. ಬಲಗೈ ಮುಂದಿನ ಪಟ್ಟಿಯನ್ನು ಬಡಿಯುವ ಹೊತ್ತಿಗೇ ಹಿಂದಿನ ಪಟ್ಟಿಯ ತುದಿಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ನಾದ ನಿಲ್ಲಿಸಬೇಕು. ಬೇಗ ಹಿಡಿದರೆ ಟಕ್ ಎಂದು ಸದ್ದು ಸಾಯುತ್ತದೆ. ತಡವಾದರೆ ಎರಡು ಸ್ವರ ಕಲಸಿಹೋಗುತ್ತವೆ. ಐದು ಪಟ್ಟಿಗಳ ಮೇಲೆ ನಿಧಾನವಾಗಿ ಹತ್ತಿ ಇಳಿಯುವುದು ಎಡಗೈಗೆ ಅಭ್ಯಾಸವಾಗುವವರೆಗೆ ವೇಗಕ್ಕೆ ಹೋಗಬೇಡಿ.

ಇನ್ನೊಂದು ತೊಡಕು ಕಿವಿಯದು. ಕೊಡವರ ಜಾನಪದ ಹಾಡಾದ ಬಾಳೋಪಾಟಿನಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದ ನಾಲ್ವರಲ್ಲಿ ಇಬ್ಬರು ಹಾಡಿದ ಸಾಲನ್ನೇ ಉಳಿದಿಬ್ಬರು ಮತ್ತೆ ಹಾಡುತ್ತಾರೆ. ಗಂಗ್ಸದಲ್ಲಿ ಹಾಗಿಲ್ಲ: ಪೋಲೋಸ್ ಎಂಬ ಪಾಲು ಬಿಟ್ಟ ಸಂದಿಯನ್ನು ಸಂಗ್ಸಿಹ್ ಎಂಬ ಇನ್ನೊಂದು ಪಾಲು ತುಂಬುತ್ತದೆ, ಎರಡೂ ಸೇರಿದರೆ ಒಂದು ರಾಗ. ಆ ಒಟ್ಟು ರಾಗಕ್ಕೆ ಕಿವಿಗೊಟ್ಟಿರೋ, ಕೈ ಪಕ್ಕದವರ ಪಾಲಿಗೆ ಜಾರಿತೆಂದೇ ಲೆಕ್ಕ. ಕೆಂಪ್ಲಿ ಎಂಬ ಪುಟ್ಟ ಜಾಗಟೆ ತಾಳ ಹಿಡಿದಿರುತ್ತದೆ; ಅದನ್ನೇ ನಂಬಿ. ಮೊದಲು ಪೋಲೋಸ್ ಕಲಿಯಿರಿ, ಅದು ಹೆಚ್ಚಾಗಿ ತಾಳದ ಮೇಲೇ ಬೀಳುತ್ತದೆ. ಜೋಡಿ ವಾದ್ಯಗಳ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕೇಳಿಸಿದರೆ ಗಾಬರಿ ಬೇಡ. ಆ ನಡುಗುವ ನಾದಕ್ಕೆ ಓಂಬಾಕ್, ಅಂದರೆ ಅಲೆ, ಎಂದು ಹೆಸರು. ಬೇಕೆಂದೇ ಹಾಗೆ ಮಾಡಿರುತ್ತಾರೆ. ಹಾರ್ಮೋನಿಯಂಗೆ ಒಗ್ಗಿದ ಕಿವಿಗೆ ಇದು ತಪ್ಪೆನಿಸುವುದೇ ಹೆಚ್ಚು.

ಗೆಂಡೆರ್ ವಾಯಾಂಗ್ ತೊಗಲುಗೊಂಬೆಯಾಟದ ವಾದ್ಯ. ಇಲ್ಲಿ ಎರಡೂ ಕೈಗೆ ಸುತ್ತಿಗೆ, ಹಾಗಾಗಿ ನಾದ ನಿಲ್ಲಿಸುವುದೂ ಬಡಿದ ಕೈಯ ಅಂಚಿನಿಂದಲೇ. ಗುರು ಎದುರು ಕೂತು, ಅದೇ ವಾದ್ಯವನ್ನು ಆ ಕಡೆಯಿಂದ ತಿರುವುಮುರುವಾಗಿ ನುಡಿಸಿ ತೋರಿಸುತ್ತಾರೆ. ನೀವು ನೋಡಿ ಹಿಂಬಾಲಿಸಬೇಕು. ಬರೆದುಕೊಳ್ಳಲು ಕೂತವರು ಹಿಂದೆ ಬೀಳುತ್ತಾರೆ. ಇಬ್ಬರಿದ್ದರೆ ಪಾಠ ನಡೆಯುತ್ತದೆ, ಊರಿನ ಮೇಳಕ್ಕೆ ಕಾಯಬೇಕಿಲ್ಲ. ಒಂದು ವರ್ಷ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಕೆಂಡಾಂಗ್ ಜೋಡಿಯಾಗಿಯೇ ನುಡಿಯುವ ವಾದ್ಯ: ದಪ್ಪ ದನಿಯದು ವಾದೋನ್, ತೆಳು ದನಿಯದು ಲಾನಾಂಗ್. ದುಡಿ ಕಡ್ಡಿಯ ವಾದ್ಯ, ಇದು ಬಹುಪಾಲು ಅಂಗೈ, ಬೆರಳುಗಳದ್ದು. ಅದಕ್ಕಿಂತ ಮುಖ್ಯವಾಗಿ, ಮೇಳ ಓಡುವುದು, ನಿಲ್ಲುವುದು ಇದರ ಸನ್ನೆಯ ಮೇಲೆ. ಇಡೀ ಕೃತಿ ಬಾಯಲ್ಲಿ ಬಾರದವರ ಕೈಗೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು.

ಯಾವುದೇ ಇರಲಿ, ವಾದ್ಯವನ್ನು ದಾಟಬೇಡಿ, ಸುತ್ತಿ ಬನ್ನಿ. ದೇವಸ್ಥಾನದ ಹಬ್ಬ ಬಂತೆಂದರೆ ಮೇಳವೇ ಅಲ್ಲಿಗೆ ಹೋಗುತ್ತದೆ, ಪಾಠವಿಲ್ಲ. ಬಾಲಿಯ ಹೊಸವರ್ಷವಾದ ನ್ಯೇಪಿಯ ದಿನವಂತೂ ಊರೇ ಮೌನ.

ವಾದ್ಯ ಮನೆಗೆ ತರುವುದಾದರೆ ಗೆಂಡೆರ್ ಜೋಡಿಯನ್ನೇ ತನ್ನಿ. ಒಂದೊಂದು ಮೇಳದ ಶ್ರುತಿ ಒಂದೊಂದು ರೀತಿ, ಬಿಡಿ ಗಂಗ್ಸ ತಂದರೆ ಅದು ಒಂಟಿಯೇ. ಮಡಿಕೇರಿಯ ಮಳೆಗಾಲಕ್ಕೆ ಬಿದಿರಿನ ಕೊಳವೆ ಬೂಷ್ಟು ಹಿಡಿಯುತ್ತದೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ. ಶಾಖಕ್ಕೆ ಬಿದಿರು ಸೀಳುತ್ತದೆ, ಸೀಳಿದ ಕೊಳವೆಯ ಮೇಲಿನ ಪಟ್ಟಿ ಬರೀ ತಗಡಿನಂತೆ ಸದ್ದು ಮಾಡುತ್ತದೆ. ಗಾಳಿಯಾಡುವ ಕೋಣೆಯಲ್ಲಿಟ್ಟು, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.