ಕ್ಲಾಸಿಕ್ 350, ಹೈನೆಸ್ ಸಿಬಿ350: ಹಳೇ ಬುಲೆಟ್‌ಗೆ ಹತ್ತಿರದ ನೆಂಟ ಯಾರು?

ನನ್ನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಜೆ-ಸೀರೀಸ್ ಅನ್ನುವ ಹೊಸ ಎಂಜಿನ್ ಜೊತೆ 2021ರಲ್ಲಿ ಬಂದ ಮಾದರಿ. ಭಾವಮೈದನದು ಹೋಂಡಾ ಹೈನೆಸ್ ಸಿಬಿ350. ಜೊತೆಯಲ್ಲಿ ಹೊರಟಾಗಲೆಲ್ಲ ಅರ್ಧ ದಾರಿಯಲ್ಲಿ ಕೀ ಅದಲು ಬದಲು ಮಾಡಿಕೊಳ್ಳುವುದು ನಮ್ಮ ರೂಢಿ.

ಎಂಜಿನ್ ಅಳತೆಯಲ್ಲೇ ಒಂದು ಮಜಾ ಇದೆ. ಹಳೇ ಕ್ಲಾಸಿಕ್‌ನ (ಹಳೇ ಬುಲೆಟ್‌ನದೂ ಅದೇ) 346 ಸಿಸಿ ಎಂಜಿನ್‌ಗೆ ಬೋರ್, ಅಂದರೆ ಸಿಲಿಂಡರಿನ ಅಗಲ, 70 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 90 ಮಿ.ಮೀ. ಹೊಸ ಕ್ಲಾಸಿಕ್‌ನಲ್ಲಿ ಅದು 72 ಮತ್ತು 85.8. ಹೋಂಡಾದ್ದು? 70 ಮತ್ತು 90.5! ಅಳತೆ ನೋಡಿ ಹೇಳುವುದಾದರೆ ಹಳೇ ಬುಲೆಟ್‌ಗೆ ಹತ್ತಿರದ ನೆಂಟ ಹೋಂಡಾನೇ. ಓಡಿಸಿದರೆ ಮಾತ್ರ ಲೆಕ್ಕ ತಿರುಗಾಮುರುಗಾ.

ಹೋಂಡಾದಲ್ಲಿ 30 ಎನ್‌ಎಂ ಟಾರ್ಕ್ (ಎಂಜಿನ್‌ನ ತಿರುಗಿಸುವ ಬಲ) ನಿಮಿಷಕ್ಕೆ 3000 ಸುತ್ತಿಗೇ (ಆರ್‌ಪಿಎಂ) ಸಿಗುತ್ತದೆ. ಕ್ಲಾಸಿಕ್‌ನದು 27 ಎನ್‌ಎಂ, ಅದೂ 4000ಕ್ಕೆ. ಹಾಗಿದ್ರೆ ಘಾಟಿಯಲ್ಲಿ ಹೋಂಡಾ ಮುಂದಿರಬೇಕು, ಅಲ್ವಾ? ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ನೋಡಿ. ತಿರುವಿನಲ್ಲಿ ಬಸ್ಸು ಅಡ್ಡ ಸಿಕ್ಕಿ ವೇಗ 30ಕ್ಕೆ ಇಳಿಯಿತು ಅನ್ನಿ. ಮೂರನೇ ಗೇರ್‌ನಲ್ಲಿ ಕ್ಲಾಸಿಕ್ ದುಡುದುಡು ಅಂತ ಎಳೆದುಕೊಂಡು ಹೋಗುತ್ತದೆ. ಹೋಂಡಾ ಅಲ್ಲಿ ತಿಣುಕುತ್ತದೆ, ಎರಡಕ್ಕೆ ಇಳಿಸಲೇಬೇಕು. ಕಾರಣ, ಹೋಂಡಾದ ಗೇರ್‌ಗಳು ಉದ್ದ, ಅಂದರೆ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ, ಚಕ್ರಕ್ಕೆ ಎಳೆತವೂ ಕಡಿಮೆ. ಎಂಜಿನ್ ಕೊಡುವ ಟಾರ್ಕ್ ಚಕ್ರಕ್ಕೆ ಎಷ್ಟು ಮುಟ್ಟುತ್ತದೆ ಅನ್ನುವುದನ್ನು ಗೇರ್ ತೀರ್ಮಾನಿಸುತ್ತದೆ. ಬ್ರೋಷರ್ ನೋಡಿ ವಾದ ಮಾಡುವವರು ಇದನ್ನು ಮರೆಯುತ್ತಾರೆ.

ಅದೇ ಉದ್ದ ಗೇರ್ ನೆಲಮಂಗಲ–ಹಾಸನ ಹೆದ್ದಾರಿಯಲ್ಲಿ ವರ. 90ರಲ್ಲಿ ಹೋಂಡಾ ಎಂಜಿನ್ ಇದೆಯೋ ಇಲ್ಲವೋ ಅನ್ನುವಷ್ಟು ನಿರಾಳ. ಕ್ಲಾಸಿಕ್ ಆ ವೇಗದಲ್ಲಿ ಓಡುತ್ತದೆ, ಆದರೆ ಅದಕ್ಕೆ 75–80 ಇಷ್ಟ ಅನ್ನುವುದು ಕೈಗೆ, ಕಾಲಿಗೆ ಗೊತ್ತಾಗುತ್ತದೆ. ಎರಡರಲ್ಲೂ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇರುವುದರಿಂದ ಹಳೇ ಬುಲೆಟ್‌ನ ನಡುಕ ಇಲ್ಲ. ಕನ್ನಡಿಯಲ್ಲಿ ಹಿಂದಿನ ಲಾರಿ ಒಂದೇ ಆಗಿ ಕಾಣುತ್ತದೆ!

ತೂಕ ಕ್ಲಾಸಿಕ್‌ಗೆ 195 ಕೆ.ಜಿ., ಹೋಂಡಾಗೆ 181. ಪಾರ್ಕಿಂಗ್‌ನಿಂದ ಹಿಂದಕ್ಕೆ ಎಳೆಯುವಾಗ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ಹೋಂಡಾದ ಕ್ಲಚ್ಚೂ ಬೆಣ್ಣೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಡಗೈ ನೋಯುವುದಿಲ್ಲ. ಆದರೆ ಎರಡು ಚಕ್ರಗಳ ನಡುವಿನ ಅಂತರ ಹೋಂಡಾದಲ್ಲಿ 1441 ಮಿ.ಮೀ., ಕ್ಲಾಸಿಕ್‌ನಲ್ಲಿ 1390. ಭಾರ ಜಾಸ್ತಿ ಇದ್ದರೂ ಹೇರ್‌ಪಿನ್ ತಿರುವಿನಲ್ಲಿ ಕ್ಲಾಸಿಕ್ ಸಲೀಸಾಗಿ ತಿರುಗುತ್ತದೆ ಅಂತ ನನಗನಿಸುವುದು ಇದಕ್ಕೇ ಇರಬೇಕು.

ಹೋಂಡಾಗೆ ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. 20 ಚಿಲ್ಲರೆ ಬಿಎಚ್‌ಪಿ ಗಾಡಿಗೆ ಅದೇನು ಬೇಕು ಅಂತ ನಗಬಹುದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಎಸ್ಟೇಟ್ ರಸ್ತೆ ಹತ್ತಿದವರು ನಗುವುದಿಲ್ಲ.

ದಿನಾ ಹೆದ್ದಾರಿಯಲ್ಲೇ ಓಡಾಟ ಅನ್ನುವವರು ಸುಮ್ನೆ ಹೋಂಡಾ ತಗೊಳ್ಳಿ. ನನ್ನ ಓಡಾಟ ಜಾಸ್ತಿ ಮಲೆನಾಡಿನ ಒಳದಾರಿಗಳಲ್ಲಿ, ಹಾಗಾಗಿ ಕ್ಲಾಸಿಕ್ ಕೊಡುವ ಮಾತೇ ಇಲ್ಲ. ಮೂಡಿಗೆರೆಯಂಥ ಊರಲ್ಲೂ ಬುಲೆಟ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ಒಂದೇ ತಾಪತ್ರಯ ಪಂಕ್ಚರ್. ಹೋಂಡಾದ್ದು ಅಲಾಯ್ ವೀಲ್, ಟ್ಯೂಬ್‌ಲೆಸ್ ಟೈರ್. ನನ್ನದು ಕಡ್ಡಿ ಚಕ್ರ, ಟ್ಯೂಬ್ ಟೈರ್, ಚಕ್ರ ಬಿಚ್ಚಲೇಬೇಕು. ಕಡ್ಡಿಯ ಚೆಂದ ಬೇಡ ಅನ್ನುವವರಿಗೆ ಕ್ಲಾಸಿಕ್‌ನಲ್ಲೂ ಅಲಾಯ್ ಚಕ್ರದ ಮಾದರಿ ಸಿಗುತ್ತದೆ.