ಸಿಂಗಾಪುರವೋ ದುಬೈಯೋ: ಪ್ರಾಣಿ, ಮೀನು ನೋಡಲೆಂದೇ ಹೊರಟವರಿಗೆ

ಸಿಗುವುದು ನಾಲ್ಕೈದು ದಿನದ ರಜೆ, ಅದರಲ್ಲೇ ಮೃಗಾಲಯವೂ ಆಗಬೇಕು, ಅಕ್ವೇರಿಯಂ ಕೂಡ ಆಗಬೇಕು ಅಂದರೆ ಬೆಂಗಳೂರಿನವರ ಲೆಕ್ಕಾಚಾರ ಬಹಳಷ್ಟು ಸಲ ಬಂದು ನಿಲ್ಲುವುದು ಸಿಂಗಾಪುರ ಇಲ್ಲವೇ ದುಬೈ ಹತ್ತಿರ. ಎರಡಕ್ಕೂ ನೇರ ವಿಮಾನ ಇದೆ, ನಾಲ್ಕು–ನಾಲ್ಕೂವರೆ ಗಂಟೆಯ ಹಾದಿ. ಅಮ್ಮನನ್ನೂ ಮಗಳನ್ನೂ ಕಟ್ಟಿಕೊಂಡು ನಾವು ಎರಡೂ ಕಡೆ ಓಡಾಡಿ ಬಂದಿದ್ದೇವೆ. ಪ್ರಾಣಿಗಳನ್ನು ನಿಂತು ನೋಡಬೇಕು ಅನ್ನುವವರು ಸಿಂಗಾಪುರಕ್ಕೇ ಹೋಗಿ. ದುಬೈ ಒಳ್ಳೆಯದು ಅನ್ನಿಸುವುದು ಬೇರೆ ಕಾರಣಗಳಿಗೆ, ಅದನ್ನೂ ಹೇಳುತ್ತೇನೆ.

ಸಿಂಗಾಪುರದ ದೊಡ್ಡ ಅನುಕೂಲ ಅಂದರೆ, ಅಕ್ವೇರಿಯಂ ಒಂದನ್ನು ಬಿಟ್ಟು ಉಳಿದೆಲ್ಲವೂ ಮಂಡಾಯ್ ಅನ್ನುವ ಒಂದೇ ಕಡೆ ಇರುವುದು. 1973ರಲ್ಲಿ ತೆರೆದ ಸಿಂಗಾಪುರ ಝೂ, ನದಿಯ ಜೀವಿಗಳಿಗೆಂದೇ ಇರುವ ರಿವರ್ ವಂಡರ್ಸ್, 1994ರಿಂದ ನಡೆಯುತ್ತಿರುವ ನೈಟ್ ಸಫಾರಿ, ಜುರಾಂಗ್‌ನ ಹಳೆಯ ಪಕ್ಷಿಧಾಮ ಮುಚ್ಚಿದ ಮೇಲೆ 2023ರಲ್ಲಿ ಶುರುವಾದ ಬರ್ಡ್ ಪ್ಯಾರಡೈಸ್, ಎಲ್ಲವೂ ಅಕ್ಕಪಕ್ಕ. ಖಾತಿಬ್ ಸ್ಟೇಷನ್‌ವರೆಗೆ ಮೆಟ್ರೋದಲ್ಲಿ ಹೋಗಿ, ಅಲ್ಲಿಂದ ಷಟಲ್ ಬಸ್ ಹತ್ತಿದರೆ ಆಯಿತು. ಟ್ಯಾಕ್ಸಿಯವರ ಜೊತೆ ಮಾತುಕತೆಯೇ ಬೇಡ.

ಕಂಬಿಯ ಬದಲು ಕಂದಕ, ನೀರು, ಗಿಡಗಳಿಂದಲೇ ಪ್ರಾಣಿಗಳನ್ನು ಬೇರೆ ಮಾಡಿರುವ ಪದ್ಧತಿ ಮೈಸೂರು ಮೃಗಾಲಯ ನೋಡಿದವರಿಗೆ ಹೊಸದಲ್ಲ. ಆದರೆ ಸಿಂಗಾಪುರದಲ್ಲಿ ಒರಾಂಗುಟಾನ್‌ಗಳು ನಮ್ಮ ತಲೆಯ ಮೇಲೇ ಇರುತ್ತವೆ. ಮರದಿಂದ ಮರಕ್ಕೆ ಕಟ್ಟಿದ ದಪ್ಪ ಹಗ್ಗ ಹಿಡಿದು, ಒಂದು ಕೈ ಬಿಟ್ಟು ಇನ್ನೊಂದು ಕೈ ಚಾಚಿ, ಯಾವ ಅವಸರವೂ ಇಲ್ಲದೆ ಹೋಗುತ್ತವೆ. ಮುಂದಿನ ಹಿಡಿತ ಸಿಗುವವರೆಗೆ ಹಿಂದಿನದನ್ನು ಬಿಡುವುದಿಲ್ಲ. ಕೆಳಗೆ ನಿಂತವರು ಕತ್ತೆತ್ತಿ ನೋಡುವುದು, ಮೇಲಿನದು ಕತ್ತು ಬಗ್ಗಿಸಿ ನೋಡುವುದು. ಮಗಳನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ಬೆಳಗ್ಗೆ ಕಳೆದೇಹೋಯಿತು, ಅದಕ್ಕೆ ನನಗೆ ಬೇಸರವೂ ಆಗಲಿಲ್ಲ.

ಈ ಮೃಗಾಲಯದ ಮೇಲೆ ನನಗೆ ಗೌರವ ಹುಟ್ಟಲು ಇನ್ನೊಂದು ಕಾರಣ ಇದೆ. ಇನೂಕಾ ಅನ್ನುವ ಹಿಮಕರಡಿ 1990ರಲ್ಲಿ ಇಲ್ಲೇ ಹುಟ್ಟಿ, 2018ರಲ್ಲಿ ತೀರಿಕೊಂಡಿತು. ಉಷ್ಣವಲಯದಲ್ಲಿ ಇನ್ನು ಹಿಮಕರಡಿ ಸಾಕುವುದಿಲ್ಲ ಎಂದು ಅವರು ಅದಕ್ಕೂ ಮೊದಲೇ ತೀರ್ಮಾನಿಸಿದ್ದರು. ಜನ ಸೇರಿಸುವ ಪ್ರಾಣಿಯನ್ನು ಹಾಗೆ ಬಿಟ್ಟುಕೊಡುವುದು ಸಣ್ಣ ವಿಷಯ ಅಲ್ಲ.

ರಿವರ್ ವಂಡರ್ಸ್‌ಗೆ ಹೆಚ್ಚಿನವರು ಪಾಂಡಾ ನೋಡಲೆಂದು ಹೋಗುತ್ತಾರೆ. ನಾನು ಹೇಳುವುದು ಮ್ಯಾನಟಿ ನೋಡಿ ಅಂತ. ಅಮೆಜಾನಿನ ಮುಳುಗಿದ ಕಾಡಿನ ಹಾಗೆ ಮಾಡಿರುವ ದೊಡ್ಡ ತೊಟ್ಟಿಯಲ್ಲಿ, ಬೂದುಬಣ್ಣದ ಈ ಭಾರಿ ಜೀವಿಗಳು ಸೊಪ್ಪು ತಿನ್ನುವಾಗ ಗಾಜಿನ ಹತ್ತಿರ ನಿಲ್ಲಬೇಕು. ಮೇಲ್ದುಟಿ ಎರಡು ಭಾಗವಾಗಿ, ಅದರ ಬಿರುಸು ರೋಮಗಳಿಂದ ಎಲೆಯನ್ನು ಹಿಡಿದು ಒಳಗೆ ತಳ್ಳಿಕೊಳ್ಳುತ್ತದೆ, ಎರಡು ಬೆರಳಲ್ಲಿ ಹಿಡಿದ ಹಾಗೆ. ಮಂಡಿನೋವಿನ ಅಮ್ಮ ಬೆಂಚು ಬಿಟ್ಟು ಎದ್ದು ಬಂದು ನೋಡಿದ್ದು ಇದನ್ನೇ.

ನೈಟ್ ಸಫಾರಿಯಲ್ಲಿ ಟ್ರಾಮ್ ಸುತ್ತು ಹಾಕಿದ ಕೂಡಲೇ ಹೊರಟುಬಿಡಬೇಡಿ. ನಡೆದು ನೋಡುವ ದಾರಿಗಳಲ್ಲೇ ಸೊಗಸಿರುವುದು. ಬೆಳದಿಂಗಳಷ್ಟೇ ಬೆಳಕು, ಫ್ಲ್ಯಾಶ್ ಹಾಕುವಂತಿಲ್ಲ. ಮೊದಲು ಏನೂ ಕಾಣುವುದಿಲ್ಲ, ಸುಮ್ಮನೆ ನಿಂತರೆ ಮೀನುಹಿಡುಕ ಬೆಕ್ಕು ನೀರಿನಂಚಿಗೆ ಬಂದಿರುವುದು ಕಣ್ಣಿಗೆ ಬೀಳುತ್ತದೆ. ಬೆಳಗ್ಗೆ ಝೂ, ಮಧ್ಯಾಹ್ನ ರಿವರ್ ವಂಡರ್ಸ್, ರಾತ್ರಿ ಸಫಾರಿ ಎಂದು ಒಂದೇ ದಿನಕ್ಕೆ ತುರುಕುವ ಟೂರ್ ಪ್ಯಾಕೇಜ್ ಮಾತ್ರ ಬೇಡವೇ ಬೇಡ. ರಾತ್ರಿ ಹೊತ್ತಿಗೆ ಮಕ್ಕಳು ಹೆಗಲ ಮೇಲೆ ನಿದ್ದೆ ಹೋಗಿರುತ್ತವೆ.

ಈಗ ದುಬೈ. ದುಬೈ ಮಾಲ್‌ನ ಅಕ್ವೇರಿಯಂ ನಿಜಕ್ಕೂ ಭವ್ಯ: ಒಂದು ಕೋಟಿ ಲೀಟರ್ ನೀರು, 32.88 ಮೀಟರ್ ಅಗಲ, 8.3 ಮೀಟರ್ ಎತ್ತರದ ಅಕ್ರಿಲಿಕ್ ಗೋಡೆ. ಸೆಂಟೋಸಾ ದ್ವೀಪದಲ್ಲಿರುವ ಅಕ್ವೇರಿಯಂ, ಸಿಂಗಾಪುರ ಓಷನೇರಿಯಂನ ದೊಡ್ಡ ಗೋಡೆಯೂ ಅಷ್ಟೇ ಎತ್ತರ, 36 ಮೀಟರ್ ಅಗಲ. ಅಳತೆಯಲ್ಲಿ ಹೆಚ್ಚುಕಡಿಮೆ ಒಂದೇ, ಅನುಭವ ಮಾತ್ರ ಬೇರೆ. ಸಿಂಗಾಪುರದಲ್ಲಿ ಕತ್ತಲಲ್ಲಿ ನೆಲದ ಮೇಲೆ ಕೂತು ನೋಡಬಹುದು, ಸದ್ದು ಕಡಿಮೆ. ದುಬೈಯಲ್ಲಿ ಬೆನ್ನ ಹಿಂದೆಯೇ ಅಂಗಡಿಗಳ ದೀಪ, ಜನರ ನೂಕುನುಗ್ಗಲು. ಆದರೆ ಅಲ್ಲಿ ಆ ಗೋಡೆಯನ್ನು ಮಾಲ್ ಒಳಗಿನಿಂದ ಪುಕ್ಕಟೆ ನೋಡಬಹುದು! ಎದುರಿಗೆ ನಿಂತು ಸ್ಯಾಂಡ್ ಟೈಗರ್ ಶಾರ್ಕ್ ಗಮನಿಸಿ. ಬಾಯಿ ತೆರೆದುಕೊಂಡು, ಕೊಕ್ಕೆಯಂಥ ಹಲ್ಲು ಕಾಣಿಸುತ್ತಾ, ರೆಕ್ಕೆ ಆಡಿಸದೆ ನೀರಿನ ನಡುವೆ ತೂಗುತ್ತಿರುತ್ತದೆ. ಮೀನಿಗಿರುವ ಗಾಳಿಚೀಲ ಶಾರ್ಕಿಗೆ ಇಲ್ಲ, ಹಾಗಾಗಿ ಇದು ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಟಿಕೆಟ್ ತೆಗೆದುಕೊಂಡರೆ 48 ಮೀಟರ್ ಸುರಂಗದಲ್ಲಿ ಅವುಗಳ ಕೆಳಗೇ ನಡೆಯಬಹುದು. ಮಕ್ಕಳಿದ್ದರೆ ತೆಗೆದುಕೊಳ್ಳಿ, ದೊಡ್ಡವರಷ್ಟೇ ಆದರೆ ಹೊರಗಿನ ನೋಟವೇ ಸಾಕು.

ದುಬೈ ಪ್ರವಾಸದಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ದುಬೈಯಲ್ಲಿ ಇರಲೇ ಇಲ್ಲ. ಕಾರಿನಲ್ಲಿ ಒಂದೂವರೆ ಗಂಟೆ ದೂರದ ಅಲ್ ಐನ್‌ನಲ್ಲಿ, ಜೆಬೆಲ್ ಹಫೀತ್ ಬೆಟ್ಟದ ಬುಡದಲ್ಲಿ, ಯುಎಇ ಸ್ಥಾಪಕ ಶೇಖ್ ಝಾಯೆದ್ 1968ರಲ್ಲಿ ಕಟ್ಟಿಸಿದ ಮೃಗಾಲಯ ಇದೆ. ಅಲ್ಲಿನ ಅರೇಬಿಯನ್ ಓರಿಕ್ಸ್ ಹಿಂಡಿನ ಮುಂದೆ ನಿಂತಾಗ ಅದರ ಕತೆ ಗೊತ್ತಿರಬೇಕು. ಬೇಟೆಗೆ ಸಿಕ್ಕಿ 1972ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಮೃಗಾಲಯಗಳಲ್ಲಿ ಸಾಕಿ, ಮರಿ ಮಾಡಿಸಿ, 1982ರಿಂದ ಒಮಾನ್ ಮರುಭೂಮಿಗೆ ಮತ್ತೆ ಬಿಟ್ಟರು. ಬಿಳಿ ಮೈ, ಕಪ್ಪು ಕಾಲು, ನೇರ ಉದ್ದ ಕೊಂಬು. ನಮ್ಮ ಕೃಷ್ಣಮೃಗದ ದೂರದ ನೆಂಟ. ಮೃಗಾಲಯಗಳು ಯಾಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಹಾಗಾದರೆ ದುಬೈ ಯಾವಾಗ? ಡಿಸೆಂಬರ್–ಜನವರಿಯಲ್ಲಿ. ಆಗ ಅಲ್ಲಿ ಹಿತವಾದ ಚಳಿ, ಸಿಂಗಾಪುರದಲ್ಲಿ ಮಳೆ ಜೋರು. ನಮ್ಮ ಶಾಲೆಗಳ ಬೇಸಿಗೆ ರಜೆಗೆ ದುಬೈ ಹೊರಟರೆ ಮೇ ತಿಂಗಳಲ್ಲಿ ಬಿಸಿಲು ನಲವತ್ತರ ಆಸುಪಾಸು. ದುಬೈ ಸಫಾರಿ ಪಾರ್ಕ್ ಅಲ್ಲಿನ ಕಡುಬೇಸಿಗೆಯಲ್ಲಿ ಬಾಗಿಲನ್ನೇ ಹಾಕುತ್ತದೆ, ಆಗ ಹಿತವಾಗಿ ನೋಡಲು ಉಳಿಯುವುದು ಎಸಿ ಒಳಗಿನ ತೊಟ್ಟಿಗಳು ಮಾತ್ರ. ನಡೆಯಲಾಗದ ಹಿರಿಯರಿದ್ದರೆ ಮಾಲ್‌ನ ಸಮತಟ್ಟು ನೆಲ, ಲಿಫ್ಟು ದೊಡ್ಡ ಉಪಕಾರ. ಮಂಡಾಯ್‌ನಲ್ಲಿ ಸೆಕೆ, ಬೆವರು, ನಡಿಗೆ ತಪ್ಪಿದ್ದಲ್ಲ. ಝೂ ಒಳಗೂ ಟ್ರಾಮ್ ಇದೆ, ಅಮ್ಮನಂಥವರಿಗೆ ಅದೇ ಗತಿ.

ಊಟದ ಚಿಂತೆ ಎರಡೂ ಕಡೆ ಇಲ್ಲ. ದುಬೈಯ ಕರಾಮಾದಲ್ಲಿ ಇಡ್ಲಿ ವಡೆ ಸಿಗುತ್ತದೆ. ಸಿಂಗಾಪುರದ ಸೆರಂಗೂನ್ ರಸ್ತೆಯ ಕೋಮಳ ವಿಲಾಸ್ 1947ರಿಂದ ದೋಸೆ ಹುಯ್ಯುತ್ತಿದೆ. ನೈಟ್ ಸಫಾರಿ ದಿನ ಮಾತ್ರ ಮೊದಲೇ ಹೊಟ್ಟೆ ತುಂಬಿಸಿಕೊಂಡು, ಕತ್ತಲಾಗುವ ಮುಂಚೆ ಗೇಟಿನ ಹತ್ತಿರ ಇರಿ.